ಮೊದಲು ಕಲ್ಲೋ, ಮೊದಲು ಕುದುರೆಯೋ?

ಕಬಡ್ಡಿ ಆಟವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬ ಹುಡುಗ ಉಸಿರು ಹಿಡಿದು ಎದುರಾಳಿಗಳ ಅಂಕಣಕ್ಕೆ ನುಗ್ಗುತ್ತಾನೆ. ಒಬ್ಬನನ್ನು ಮುಟ್ಟಿ ನಡುಗೆರೆಯ ಕಡೆ ಹಾರುವಷ್ಟರಲ್ಲಿ ಐದಾರು ಜನ ಅವನ ಮೇಲೆ ಬೀಳುತ್ತಾರೆ. ಕಾಲು, ಸೊಂಟ, ಹೆಗಲು ಹಿಡಿದು ನೆಲಕ್ಕೆ ಒತ್ತುತ್ತಾರೆ. ಸುತ್ತ ನಿಂತವರು ಶಿಳ್ಳೆ ಹೊಡೆಯುತ್ತಾರೆ. ಈಗ ಈ ಆಟದ ವಿಡಿಯೊದಿಂದ ಕೊನೆಯ ಐದು ಸೆಕೆಂಡು ಮಾತ್ರ ಕತ್ತರಿಸಿ, ಅಂಕಣದ ಗೆರೆಗಳು ಕಾಣದಂತೆ ಜೂಮ್ ಮಾಡಿ, ಕಬಡ್ಡಿಯ ಹೆಸರೇ ಕೇಳದವರಿಗೆ ಕಳಿಸಿ. ಒಂಟಿ ಹುಡುಗನನ್ನು ಆರು ಜನ ಕೆಡವಿ ಹೊಡೆಯುತ್ತಿದ್ದಾರೆ, ಬಿಡಿಸಬೇಕಾದವರು ಕೇಕೆ ಹಾಕುತ್ತಿದ್ದಾರೆ ಎಂದು ಅವರು ಹೇಳುತ್ತಾರೆ. ಪಾಪ, ಅವರ ತಪ್ಪೇನೂ ಇಲ್ಲ. ಕಂಡದ್ದನ್ನು ಹೇಳಿದರು. ಆ ಐದು ಸೆಕೆಂಡಿನಲ್ಲಿ ಸುಳ್ಳು ಚಿತ್ರ ಒಂದೂ ಇಲ್ಲ.

ತರಗತಿಯಲ್ಲಿ ಈ ಪಾಠವನ್ನು ನಾನು ಯಾವಾಗಲೂ ಕಬಡ್ಡಿಯಿಂದಲೇ ಶುರು ಮಾಡುತ್ತೇನೆ. ದಾರಿ ತಪ್ಪಿಸುವ ವಿಡಿಯೊ ಎಂದ ಕೂಡಲೇ ವಿದ್ಯಾರ್ಥಿಗಳ ಮನಸ್ಸು ಡೀಪ್‌ಫೇಕ್ ಕಡೆಗೆ, ಕಂಪ್ಯೂಟರಿನಲ್ಲಿ ಮುಖ ಬದಲಿಸಿ ದನಿ ಬದಲಿಸಿ ಮಾಡಿದ ಸೃಷ್ಟಿಗಳ ಕಡೆಗೆ ಓಡುತ್ತದೆ. ಅವು ಅಪಾಯಕಾರಿ, ನಿಜ. ಆದರೆ ಪ್ರತಿಭಟನೆಗಳ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸಲು ಅಷ್ಟೆಲ್ಲ ಶ್ರಮ ಬೇಕಿಲ್ಲ. ಅಸಲಿ ದೃಶ್ಯ ಇದ್ದರೆ ಸಾಕು, ಜೊತೆಗೊಂದು ಕತ್ತರಿ.

ಪ್ರತಿಭಟನೆಗಳೇ ಯಾಕೆ ಎಂದು ನೀವು ಕೇಳಬಹುದು. ಒಂದು ದೊಡ್ಡ ಮೆರವಣಿಗೆ ಐದಾರು ಗಂಟೆ ನಡೆಯುತ್ತದೆ. ಸಾವಿರಾರು ಜನ ಇರುತ್ತಾರೆ, ಅವರಲ್ಲಿ ನೂರಾರು ಮಂದಿಯ ಕೈಯಲ್ಲಿ ಮೊಬೈಲ್. ತೀರ ಶಾಂತವಾಗಿ ಕುಳಿತ ಗುಂಪಿನಲ್ಲೂ ಕಲ್ಲೆತ್ತಿಕೊಳ್ಳುವವನೊಬ್ಬ ಇರಬಹುದು. ತೀರ ಸಂಯಮದಿಂದ ನಿಂತ ಪೊಲೀಸರ ಸಾಲಿನಲ್ಲೂ ಲಾಠಿ ಬೀಸುವವರೊಬ್ಬರು ಇರಬಹುದು. ಆರು ಗಂಟೆಯಿಂದ ಇಪ್ಪತ್ತು ಸೆಕೆಂಡು ಹೆಕ್ಕುವವರಿಗೆ ಯಾವ ಕಥೆ ಬೇಕೋ ಆ ಕಥೆಗೆ ತಕ್ಕ ಚೂರು ಸಿಕ್ಕೇ ಸಿಗುತ್ತದೆ. ಹಾಗೆ ಹೆಕ್ಕುವವರು ಒಂದೇ ಕಡೆಯವರಲ್ಲ. ಪ್ರತಿಭಟನೆ ಮಾಡಿದವರೂ ಹೆಕ್ಕುತ್ತಾರೆ, ಅದನ್ನು ವಿರೋಧಿಸುವವರೂ ಹೆಕ್ಕುತ್ತಾರೆ, ಅಧಿಕಾರದಲ್ಲಿರುವವರೂ ಹೆಕ್ಕುತ್ತಾರೆ.

ಕತ್ತರಿಸುವುದೇ ತಪ್ಪು ಎಂದು ಮಾತ್ರ ಭಾವಿಸಬೇಡಿ. ಆರು ಗಂಟೆಯ ವಿಡಿಯೊವನ್ನು ಯಾರೂ ಕೂತು ನೋಡುವುದಿಲ್ಲ. ಸುದ್ದಿ ಎಂದ ಮೇಲೆ ಎಡಿಟಿಂಗ್ ಇದ್ದೇ ಇರುತ್ತದೆ. ಎಡಿಟ್ ಮಾಡಿ ಉಳಿಸಿಕೊಂಡ ಭಾಗ ನಡೆದದ್ದರ ಒಟ್ಟು ಸ್ವರೂಪವನ್ನು ಹೇಳುತ್ತದೆಯೋ ತಿರುಚುತ್ತದೆಯೋ ಎಂಬುದಷ್ಟೇ ನಾವು ಕೇಳಬೇಕಾದದ್ದು. ಇದಕ್ಕೆ ನನಗೆ ತಿಳಿದ ಅತ್ಯಂತ ಸ್ಪಷ್ಟ ಉದಾಹರಣೆ ಇಂಟರ್ನೆಟ್ಟಿನದಲ್ಲ. ಅದು ಟಿವಿ ಕಾಲದ್ದು. ಸ್ವಲ್ಪ ತಾಳ್ಮೆಯಿಂದ ಕೇಳಿ.

1984ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಇಪ್ಪತ್ತು ಗಣಿಗಳನ್ನು ಮುಚ್ಚುವ, ಅದರಿಂದ ಸುಮಾರು 20,000 ಕೆಲಸಗಳು ಹೋಗುವ ಯೋಜನೆ ಹೊರಬಿದ್ದಿತ್ತು. ಮಾರ್ಗರೆಟ್ ಥ್ಯಾಚರ್ ಪ್ರಧಾನಿ. ಜೂನ್ 18ರಂದು ದಕ್ಷಿಣ ಯಾರ್ಕ್‌ಶೈರಿನ ಆರ್ಗ್ರೀವ್ ಎಂಬಲ್ಲಿ, ಕಲ್ಲಿದ್ದಲಿನಿಂದ ಕೋಕ್ ತಯಾರಿಸುವ ಕಾರ್ಖಾನೆಯ ಎದುರು, ಸಾವಿರಾರು ಕಾರ್ಮಿಕರು ಸೇರಿದರು. ಸಾವಿರಾರು ಪೊಲೀಸರೂ ಬಂದರು. ಗುರಾಣಿ ಹಿಡಿದವರು, ನಾಯಿ ಹಿಡಿದವರು, ಕುದುರೆ ಏರಿದವರು. ಆ ಸಂಜೆ ಬಿಬಿಸಿ ಸುದ್ದಿಯಲ್ಲಿ ದೇಶದ ಜನ ಕಂಡದ್ದು ಹೀಗಿತ್ತು: ಕಾರ್ಮಿಕರು ಕಲ್ಲು ತೂರುತ್ತಾರೆ, ಆಮೇಲೆ ಪೊಲೀಸರ ಕುದುರೆಗಳು ಗುಂಪಿನ ಮೇಲೆ ನುಗ್ಗುತ್ತವೆ. ನೋಡಿದವರಿಗೆ ಅರ್ಥ ತಾನಾಗಿ ಹುಟ್ಟಿತು. ಕಲ್ಲೆಸೆದರು, ಅದಕ್ಕೇ ಪೊಲೀಸರು ನುಗ್ಗಿದರು.

ಅಲ್ಲಿದ್ದ ಕಾರ್ಮಿಕರು ಹೇಳುತ್ತಲೇ ಬಂದದ್ದು ಬೇರೆ. ಕುದುರೆಗಳು ನುಗ್ಗಿದ್ದು ಮೊದಲು, ಕಲ್ಲಿನ ಮಳೆ ಸುರಿದದ್ದು ಆಮೇಲೆ ಎಂದು. ಯಾರು ನಂಬುತ್ತಾರೆ? ದೇಶವೇ ಟಿವಿಯಲ್ಲಿ ಕಣ್ಣಾರೆ ಕಂಡಿತ್ತಲ್ಲ. 95 ಜನರ ಮೇಲೆ ದಂಗೆ ಮತ್ತಿತರ ಆರೋಪಗಳನ್ನು ಹೊರಿಸಲಾಯಿತು. ದಂಗೆಯ ಆರೋಪಕ್ಕೆ ಆಗ ಜೀವಾವಧಿ ಶಿಕ್ಷೆಯವರೆಗೂ ಅವಕಾಶವಿತ್ತು. ಆದರೆ ನ್ಯಾಯಾಲಯದಲ್ಲಿ ಪೊಲೀಸರೇ ಚಿತ್ರೀಕರಿಸಿದ್ದ ವಿಡಿಯೊ ಪರದೆಯ ಮೇಲೆ ಬಂತು. ಅದರಲ್ಲಿ ಘಟನೆಗಳ ಅನುಕ್ರಮ ಕಾರ್ಮಿಕರು ಹೇಳಿದಂತೆಯೇ ಇತ್ತು. ಪೊಲೀಸರ ಸಾಕ್ಷ್ಯಗಳು ಒಂದೊಂದಾಗಿ ಕುಸಿದವು. 1985ರಲ್ಲಿ ಮೊಕದ್ದಮೆಯೇ ಬಿದ್ದುಹೋಯಿತು. 1991ರಲ್ಲಿ ದಕ್ಷಿಣ ಯಾರ್ಕ್‌ಶೈರ್ ಪೊಲೀಸ್ ಇಲಾಖೆ 39 ಕಾರ್ಮಿಕರಿಗೆ ಒಟ್ಟು 4,25,000 ಪೌಂಡ್ ಪರಿಹಾರ ಕೊಟ್ಟಿತು. ದೃಶ್ಯಗಳ ಕ್ರಮ ಅದಲುಬದಲಾಗಿತ್ತು ಎಂದು ಬಿಬಿಸಿಯೂ ಒಪ್ಪಿಕೊಂಡಿತು. ಸುದ್ದಿಯನ್ನು ತರಾತುರಿಯಲ್ಲಿ ಜೋಡಿಸುವಾಗ ಆದ ತಪ್ಪು ಅದು, ಉದ್ದೇಶಪೂರ್ವಕವಲ್ಲ ಎಂಬುದು ಅದರ ವಿವರಣೆ. ಅನೇಕ ಕಾರ್ಮಿಕರು ಆ ವಿವರಣೆಯನ್ನು ಇಂದಿಗೂ ನಂಬಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಕಲ್ಲೆಸೆತದ ದೃಶ್ಯ ನಿಜ. ಕುದುರೆ ನುಗ್ಗಿದ ದೃಶ್ಯವೂ ನಿಜ. ಎರಡೂ ಅದೇ ದಿನದವು, ಅದೇ ಜಾಗದವು. ಹಿಂದಿನದು ಮುಂದೆ, ಮುಂದಿನದು ಹಿಂದೆ ಆದದ್ದಷ್ಟೇ. ಅಷ್ಟರಲ್ಲಿ ಪೆಟ್ಟು ತಿಂದವರು ಪೆಟ್ಟು ಕೊಟ್ಟವರಾದರು.

ನಮ್ಮ ಮನಸ್ಸು ಯಾಕೆ ಹೀಗೆ ಮೋಸ ಹೋಗುತ್ತದೆ? ಸಿನಿಮಾದವರು ಇದನ್ನು ನೂರು ವರ್ಷ ಹಿಂದೆಯೇ ಕಂಡುಕೊಂಡಿದ್ದರು. ಸುಮಾರು 1920ರ ಹೊತ್ತಿಗೆ ರಷ್ಯಾದ ಲೆವ್ ಕುಲೆಶೋವ್ ಎಂಬ ನಿರ್ದೇಶಕ, ಯಾವ ಭಾವವೂ ಇಲ್ಲದ ಒಬ್ಬ ನಟನ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ, ಒಮ್ಮೆ ಒಬ್ಬ ಹೆಂಗಸಿನ ಚಿತ್ರದ ಜೊತೆ ಜೋಡಿಸಿ ತೋರಿಸಿದನಂತೆ. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಬೇರೆ ಬೇರೆಯಾಗಿ ಕಂಡವಂತೆ. ಆ ಫಿಲ್ಮ್ ಈಗ ಉಳಿದಿಲ್ಲ, ತತ್ವ ಉಳಿದಿದೆ. ಒಂದರ ಪಕ್ಕ ಒಂದನ್ನಿಟ್ಟರೆ ನಡುವಿನ ಸಂಬಂಧವನ್ನು ನೋಡುಗರೇ ಹೊಲಿದುಕೊಳ್ಳುತ್ತಾರೆ. ಸಿನಿಮಾದಲ್ಲಿ ಇದು ಕಲೆ. ಸುದ್ದಿಯಲ್ಲಿ ಇದರಿಂದ ಮನುಷ್ಯರು ಜೈಲಿಗೆ ಹೋಗುತ್ತಾರೆ.

ಕ್ರಮ ಬದಲಿಸುವುದಕ್ಕಿಂತ ಸುಲಭದ ದಾರಿ ಮತ್ತೊಂದಿದೆ. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆರಿಸಿಕೊಳ್ಳುವುದು. 2019ರ ಜನವರಿ 18ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಬಳಿ ತೆಗೆದ ಒಂದು ಸಣ್ಣ ವಿಡಿಯೊ ಜಗತ್ತನ್ನೇ ಸುತ್ತಿತು. ಟ್ರಂಪ್ ಬೆಂಬಲಿಗರ ಕೆಂಪು ಟೋಪಿ ಹಾಕಿದ ಶಾಲಾ ಹುಡುಗನೊಬ್ಬ, ತಮಟೆ ಬಾರಿಸುತ್ತಿದ್ದ ಮೂಲನಿವಾಸಿ ಹಿರಿಯರ ಮುಖಕ್ಕೆ ಮುಖ ಕೊಟ್ಟು ನಗುತ್ತಾ ನಿಂತಿದ್ದಾನೆ. ಸುತ್ತ ಹುಡುಗರ ಗದ್ದಲ. ಮಕ್ಕಳ ಗುಂಪು ವೃದ್ಧರನ್ನು ಸುತ್ತುವರಿದು ಅವಮಾನಿಸಿತು ಎಂದು ಲಕ್ಷಾಂತರ ಜನ ತೀರ್ಪು ಕೊಟ್ಟರು. ಒಂದೆರಡು ದಿನಗಳಲ್ಲೇ ಸುಮಾರು ಎರಡು ಗಂಟೆಯ ಇನ್ನೊಂದು ವಿಡಿಯೊ ಬೆಳಕಿಗೆ ಬಂತು. ಅಲ್ಲಿ ಮೂರನೆಯ ಗುಂಪೊಂದು ಇತ್ತು. ಆ ಗುಂಪಿನವರು ಬಹಳ ಹೊತ್ತಿನಿಂದ ಹುಡುಗರನ್ನೂ ಮೂಲನಿವಾಸಿಗಳನ್ನೂ ಹೀನಾಯವಾಗಿ ಬೈಯುತ್ತಿದ್ದರು. ಹುಡುಗರು ಅದಕ್ಕೆದುರಾಗಿ ತಮ್ಮ ಶಾಲೆಯ ಘೋಷಣೆ ಕೂಗುತ್ತಿದ್ದರು. ಹಿರಿಯರು ತಾವೇ ತಮಟೆ ಬಾರಿಸುತ್ತಾ ಇಬ್ಬರ ನಡುವೆ ನಡೆದು ಬಂದಿದ್ದರು, ಬಿಸಿಯೇರಿದ್ದ ವಾತಾವರಣ ತಣ್ಣಗಾಗಲಿ ಎಂಬ ಉದ್ದೇಶದಿಂದ ಎಂದು ಅವರೇ ಹೇಳಿದರು. ಅಷ್ಟರಲ್ಲಿ ಹುಡುಗರ ಶಾಲೆಗೆ ಬೆದರಿಕೆಗಳು ಬಂದು ಬಾಗಿಲು ಮುಚ್ಚಬೇಕಾಯಿತು. ಹುಡುಗನ ಕಡೆಯವರು ಹೂಡಿದ ಮಾನನಷ್ಟ ಮೊಕದ್ದಮೆಗಳಲ್ಲಿ ಸಿಎನ್‌ಎನ್ ಮತ್ತು ವಾಷಿಂಗ್ಟನ್ ಪೋಸ್ಟ್ 2020ರಲ್ಲಿ ರಾಜಿ ಮಾಡಿಕೊಂಡವು. ಆ ಸಣ್ಣ ತುಣುಕನ್ನು ಹಬ್ಬಿಸಿದ್ದ ಒಂದು ಖಾತೆಯನ್ನು ಟ್ವಿಟರ್ ಮುಚ್ಚಿತು. ಕ್ಯಾಲಿಫೋರ್ನಿಯಾದ ಶಿಕ್ಷಕಿ ಎಂದು ಹೇಳಿಕೊಂಡಿದ್ದ ಆ ಖಾತೆಯಲ್ಲಿದ್ದ ಫೋಟೊ ಬೇರೆ ಯಾರದೋ ಆಗಿತ್ತು.

ಪೂರ್ತಿ ವಿಡಿಯೊ ನೋಡಿದ ಮೇಲೂ ಎಲ್ಲರೂ ಒಂದೇ ಅಭಿಪ್ರಾಯಕ್ಕೆ ಬರಲಿಲ್ಲ. ಕೆಲವರಿಗೆ ಹುಡುಗರ ನಡವಳಿಕೆ ಆಗಲೂ ಅನುಚಿತವೆನಿಸಿತು. ಅದು ಸಹಜ. ಆದರೆ ಆಗ ಅವರ ಮುಂದೆ ಮೂವರಿದ್ದರು. ಮೊದಲು ಇಬ್ಬರೇ ಇದ್ದರು.

ಇದನ್ನು ಕೇಳಿದ ಕೆಲವರು ಇನ್ನೊಂದು ತುದಿಗೆ ಜಾರುತ್ತಾರೆ. ಯಾವ ವಿಡಿಯೊ ಬಂದರೂ ಅಯ್ಯೋ ಬಿಡಿ, ಪೂರ್ತಿ ತೋರಿಸಿಲ್ಲ ಎಂದು ತಳ್ಳಿಹಾಕುತ್ತಾರೆ. ಇದು ನನ್ನನ್ನು ಹೆಚ್ಚು ಚಿಂತೆಗೀಡುಮಾಡುವ ರೋಗ, ಏಕೆಂದರೆ ತಪ್ಪು ಮಾಡಿ ಕ್ಯಾಮೆರಾಕ್ಕೆ ಸಿಕ್ಕಿಬಿದ್ದವರು ಮೊದಲು ಹಿಡಿಯುವ ಆಸರೆ ಇದೇ. 2011ರ ನವೆಂಬರ್ 18ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ನೆಲದ ಮೇಲೆ ಸಾಲಾಗಿ ಕುಳಿತಿದ್ದ ವಿದ್ಯಾರ್ಥಿಗಳ ಮುಖಕ್ಕೆ ಪೊಲೀಸ್ ಅಧಿಕಾರಿಯೊಬ್ಬರು, ಗಿಡಕ್ಕೆ ಔಷಧ ಸಿಂಪಡಿಸುವವರಂತೆ, ಮೆಣಸಿನ ದ್ರಾವಣ ಸಿಂಪಡಿಸಿದ ದೃಶ್ಯ ಹಬ್ಬಿತು. ಪೂರ್ತಿ ವಿಡಿಯೊ ನೋಡಿ, ವಿದ್ಯಾರ್ಥಿಗಳು ಪೊಲೀಸರನ್ನು ಸುತ್ತುವರಿದಿದ್ದರು ಎಂಬ ಸಮರ್ಥನೆ ಬಂತು. ಉದ್ದದ ವಿಡಿಯೊಗಳಲ್ಲಿ ಸುತ್ತುವರಿದದ್ದು ಕಾಣುತ್ತದೆ ಕೂಡ. ಕ್ಯಾಲಿಫೋರ್ನಿಯಾ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕ್ರೂಜ್ ರೆನೊಸೊ ಅವರ ನೇತೃತ್ವದ ಸಮಿತಿ ಎಲ್ಲವನ್ನೂ ಪರಿಶೀಲಿಸಿ 2012ರಲ್ಲಿ ವರದಿ ಕೊಟ್ಟಿತು: ಆ ಸಿಂಪಡಣೆಗೆ ಸಮರ್ಥನೆ ಇರಲಿಲ್ಲ, ಅದನ್ನು ತಪ್ಪಿಸಬಹುದಿತ್ತು, ತಪ್ಪಿಸಬೇಕಿತ್ತು. ಉದ್ದದ ವಿಡಿಯೊ ಹಿನ್ನೆಲೆಯನ್ನು ಕೊಟ್ಟಿತು. ಸಣ್ಣ ವಿಡಿಯೊ ಹೇಳಿದ್ದನ್ನು ಅಳಿಸಲಿಲ್ಲ. ಹೀಗೂ ಆಗುತ್ತದೆ ಎಂಬುದನ್ನು ನೆನಪಿಡಿ.

ಇಲ್ಲಿಯವರೆಗೆ ಹೇಳಿದ್ದು ಕಾಲದ ಕತ್ತರಿ. ಜಾಗಕ್ಕೂ ಕತ್ತರಿ ಇದೆ. ಕ್ಯಾಮೆರಾದ ಚೌಕಟ್ಟಿನ ಆಚೆ ಏನಿದೆ ಎಂದು ನಮಗೆ ಕಾಣುವುದಿಲ್ಲವಲ್ಲ. 2021ರ ಗಣರಾಜ್ಯೋತ್ಸವದಂದು ರೈತರ ಟ್ರ್ಯಾಕ್ಟರ್ ಮೆರವಣಿಗೆಯ ಒಂದು ಭಾಗ ದೆಹಲಿಯ ಕೆಂಪುಕೋಟೆಗೆ ನುಗ್ಗಿತು. ಅಲ್ಲಿ ಹಿಂಸೆ ನಡೆದದ್ದು ನಿಜ, ಪೊಲೀಸರು ಗಾಯಗೊಂಡದ್ದು ನಿಜ, ಕಂಬವೊಂದರ ಮೇಲೆ ಸಿಖ್ಖರ ನಿಶಾನ್ ಸಾಹಿಬ್ ಧ್ವಜ ಹಾರಿಸಿದ್ದೂ ನಿಜ. ಆದರೆ ತ್ರಿವರ್ಣ ಧ್ವಜವನ್ನು ಕೆಳಗಿಳಿಸಿ ಆ ಜಾಗದಲ್ಲಿ ಅದನ್ನು ಹಾರಿಸಿದರು ಎಂಬ ಮಾತು ವಿಡಿಯೊ ಜೊತೆ ಹಬ್ಬಿತು. ಅಗಲವಾಗಿ ತೆಗೆದ ದೃಶ್ಯಗಳಲ್ಲಿ ತ್ರಿವರ್ಣ ಧ್ವಜ ತನ್ನ ಎತ್ತರದ ಕಂಬದಲ್ಲಿ ಹಾರಾಡುತ್ತಲೇ ಇತ್ತು. ಹತ್ತಿರದಿಂದ ತೆಗೆದ ಚೌಕಟ್ಟಿನಲ್ಲಿ ಅದು ಸಿಕ್ಕಿರಲಿಲ್ಲ, ಅಷ್ಟೇ. ಕೋಟೆಗೆ ನುಗ್ಗಿದ್ದನ್ನು ಖಂಡಿಸಲು ಇಲ್ಲದ ಘಟನೆಯ ಅಗತ್ಯವಿರಲಿಲ್ಲ.

ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಯಿತು. ಅದನ್ನು ಖಂಡಿಸಿ ಕೆಲವರು ಗಣೇಶ ಮೂರ್ತಿಯೊಂದಿಗೆ ಬೆಂಗಳೂರಿನ ಟೌನ್‌ಹಾಲ್ ಎದುರು ಪ್ರತಿಭಟಿಸಿದರು. ನಗರದಲ್ಲಿ ಪ್ರತಿಭಟನೆಗೆ ಅವಕಾಶವಿರುವುದು ಫ್ರೀಡಂ ಪಾರ್ಕಿನಲ್ಲಿ ಮಾತ್ರ ಎಂದು ಪೊಲೀಸರು ಅವರನ್ನು ವಶಕ್ಕೆ ತೆಗೆದುಕೊಂಡರು. ಅವರ ಬಳಿಯಿದ್ದ ಮೂರ್ತಿಯನ್ನು ಖಾಲಿ ಪೊಲೀಸ್ ವ್ಯಾನಿನಲ್ಲಿ ಇಟ್ಟರು. ವ್ಯಾನಿನೊಳಗೆ ಒಂಟಿಯಾಗಿ ಕುಳಿತ ಗಣಪನ ಚಿತ್ರ ದೇಶದ ಉದ್ದಗಲಕ್ಕೂ ಹೋಯಿತು, 'ಗಣೇಶನ ಬಂಧನ' ಎಂಬ ಒಕ್ಕಣೆಯೊಂದಿಗೆ. ಅನೇಕರು ಅದನ್ನು ನಾಗಮಂಗಲದ್ದೇ ಎಂದುಕೊಂಡರು. ಮೂರ್ತಿಯನ್ನು ಸುರಕ್ಷತೆಗಾಗಿ ಅಲ್ಲಿಟ್ಟಿದ್ದು, ಬಳಿಕ ವಿಧಿಪೂರ್ವಕವಾಗಿ ವಿಸರ್ಜಿಸಲಾಯಿತು ಎಂದು ಪೊಲೀಸರು ತಿಳಿಸಿದರು. ಮೂರ್ತಿಯನ್ನು ಇನ್ನಷ್ಟು ಗೌರವದಿಂದ ಸಾಗಿಸಬೇಕಿತ್ತೇ? ಆ ಪ್ರಶ್ನೆಯನ್ನು ಯಾರಾದರೂ ನ್ಯಾಯವಾಗಿಯೇ ಕೇಳಬಹುದು. ಆದರೆ ಚಿತ್ರದ ಎಡಬಲ ಕತ್ತರಿಸಿ ಹೋದಾಗ ಆ ಪ್ರಶ್ನೆಯೂ ಹೋಯಿತು. ಉಳಿದದ್ದು ಸಿಟ್ಟು ಮಾತ್ರ.

ವೇಗವೂ ದಾರಿ ತಪ್ಪಿಸುತ್ತದೆ. ಸ್ಲೋ ಮೋಷನ್‌ನಲ್ಲಿ ತೋರಿಸಿದರೆ, ಮಾಡಿದವನು ಬೇಕೆಂದೇ, ಯೋಚಿಸಿಯೇ ಮಾಡಿದ ಎಂದು ನೋಡುಗರಿಗೆ ಹೆಚ್ಚು ಅನಿಸುತ್ತದೆ ಎಂದು 2016ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗಗಳಿಂದ ತೋರಿಸಿದ್ದಾರೆ. ಒಂದು ಸೆಕೆಂಡಿನ ನೂಕಾಟ ನಾಲ್ಕು ಸೆಕೆಂಡಿನ ಹಲ್ಲೆಯಾಗುತ್ತದೆ. ಇನ್ನು ಸದ್ದಿನ ವಿಷಯ: ಗದ್ದಲದ ನಡುವಿನ ಅಸ್ಪಷ್ಟ ಘೋಷಣೆಯ ಕೆಳಗೆ ಅಕ್ಷರದಲ್ಲಿ ಏನು ಬರೆದಿರುತ್ತದೋ ಕಿವಿಗೆ ಅದೇ ಕೇಳಿಸತೊಡಗುತ್ತದೆ. ತರಗತಿಯಲ್ಲಿ ಅಕ್ಷರ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಕೇಳಿಸಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮನೆಯಲ್ಲಿ ನೀವೂ ಮಾಡಿ ನೋಡಿ, ಹೆಬ್ಬೆರಳು ಸಾಕು.

ಕತ್ತರಿಯನ್ನು ಬೇರೆಯವರ ಕೈಯಲ್ಲೇ ಹುಡುಕಬಾರದು. ನಮ್ಮ ಕಣ್ಣಿನಲ್ಲೂ ಒಂದಿದೆ. ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಾಹನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಪ್ರತಿಭಟನೆಯ ಬಗ್ಗೆಯೇ ಇದೆ. ಸುಮಾರು 200 ಜನರಿಗೆ ಒಂದೇ ಪ್ರತಿಭಟನೆಯ ವಿಡಿಯೊ ತೋರಿಸಿದರು. ಅರ್ಧ ಜನರಿಗೆ, ಇವರು ಗರ್ಭಪಾತ ಕೇಂದ್ರದ ಮುಂದೆ ಗರ್ಭಪಾತವನ್ನು ವಿರೋಧಿಸುತ್ತಿರುವವರು ಎಂದರು. ಉಳಿದ ಅರ್ಧಕ್ಕೆ, ಇವರು ಸೇನಾ ನೇಮಕಾತಿ ಕೇಂದ್ರದ ಮುಂದೆ, ಸಲಿಂಗಿಗಳ ಬಗೆಗಿನ ಸೇನೆಯ ನಿಯಮವನ್ನು ವಿರೋಧಿಸುತ್ತಿರುವವರು ಎಂದರು. ದಾರಿ ಅಡ್ಡಗಟ್ಟಿದರೇ, ಬೆದರಿಸಿದರೇ, ಪೊಲೀಸರು ಚದುರಿಸಿದ್ದು ಸರಿಯೇ ಎಂದು ಕೇಳಿದರು. ತಮ್ಮ ಮನಸ್ಸಿಗೆ ಒಪ್ಪುವ ಕಾರಣಕ್ಕಾಗಿ ನಿಂತವರು ಎಂದು ನಂಬಿದವರಿಗೆ ಶಾಂತಿಯುತ ಮಾತು ಕಂಡಿತು. ಒಪ್ಪದ ಕಾರಣ ಎಂದುಕೊಂಡವರಿಗೆ ಅಡ್ಡಗಟ್ಟುವಿಕೆ, ಬೆದರಿಕೆ ಕಂಡವು. ಒಂದು ಫ್ರೇಮನ್ನೂ ಯಾರೂ ಕತ್ತರಿಸಿರಲಿಲ್ಲ. ನಮ್ಮ ಪೂರ್ವಗ್ರಹ ಗೊತ್ತಿದ್ದೇ ಕತ್ತರಿ ಹಿಡಿದವರು ತುಣುಕು ಆರಿಸುತ್ತಾರೆ.

ಹಾಗಾದರೆ ನೋಡುವುದು ಹೇಗೆ? 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಗಾದೆ ಮೊಬೈಲ್ ಹುಟ್ಟುವ ಎಷ್ಟೋ ಮೊದಲೇ ಇದಕ್ಕೆ ಉತ್ತರ ಕೊಟ್ಟಿದೆ. ಪ್ರಮಾಣಿಸುವ ಕೆಲಸ ನೀವಂದುಕೊಂಡಷ್ಟು ಕಷ್ಟವಲ್ಲ. ವಿಡಿಯೊ ಶುರುವಾಗುವ ಕ್ಷಣವನ್ನೇ ದಿಟ್ಟಿಸಿ. ಆಗಲೇ ಜನ ಓಡುತ್ತಿದ್ದರೆ, ಆಗಲೇ ಕೈ ಎತ್ತಿದ್ದರೆ, ಅದಕ್ಕೂ ಮೊದಲು ಏನೋ ನಡೆದಿದೆ ಎಂದರ್ಥ. ನಡುವೆ ಸದ್ದು ತಟ್ಟನೆ ಬದಲಾದರೆ, ಒಂದು ಕ್ಷಣ ಹಿಂದೆ ಎಡಗಡೆ ಇದ್ದ ಮನುಷ್ಯ ಈಗ ಬಲಗಡೆ ಇದ್ದರೆ, ನೆರಳು ಇದ್ದಕ್ಕಿದ್ದಂತೆ ಉದ್ದವಾಗಿದ್ದರೆ, ಅಲ್ಲಿ ಕತ್ತರಿ ಬಿದ್ದಿದೆ. ಅಂಗಡಿಯ ಬೋರ್ಡು, ಬಸ್ಸಿನ ಬಣ್ಣ, ವಾಹನದ ನಂಬರ್ ಪ್ಲೇಟು, ಪೊಲೀಸರ ಸಮವಸ್ತ್ರ ಇವೆಲ್ಲ ಯಾವ ಊರು ಎಂದು ಹೇಳುತ್ತವೆ. ಒಂದು ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ, ಅದೇ ದೃಶ್ಯ ಮೊದಲು ಎಲ್ಲಿ ಬಂದಿತ್ತು, ಉದ್ದದ ವಿಡಿಯೊ ಎಲ್ಲಾದರೂ ಇದೆಯೇ ಎಂಬುದು ಎಷ್ಟೋ ಸಲ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ವಾಟ್ಸಾಪಿನಲ್ಲಿ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಕನಿಷ್ಠ ಐದು ಸಲವಾದರೂ ದಾಟಿ ಬಂದಿದೆ. ಕಳಿಸಿದ ನಿಮ್ಮ ಚಿಕ್ಕಪ್ಪನೋ ಸಹೋದ್ಯೋಗಿಯೋ ಅದನ್ನು ತೆಗೆದವರಲ್ಲ. ಅವರನ್ನು ಎಲ್ಲರೆದುರು ಅವಮಾನಿಸಬೇಡಿ. 'ಇದರ ಮುಂಚಿನ ಭಾಗ ಸಿಕ್ಕಿದೆಯೇ?' ಎಂದು ಕೇಳಿ. ನನ್ನ ಅನುಭವದಲ್ಲಿ ಈ ಒಂದು ಪ್ರಶ್ನೆ ಹತ್ತು ವಾದಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ನಿಮಗೆ ಒಪ್ಪುವ ವಿಡಿಯೊಗೂ ಅದೇ ಪ್ರಶ್ನೆ ಕೇಳಿ. ಕಷ್ಟದ ಭಾಗ ಅದು.

ಕೊನೆಗೆ, ಕ್ಯಾಮೆರಾ ಹಿಡಿದು ನೀವೇ ಅಂಥ ಜಾಗದಲ್ಲಿ ನಿಲ್ಲುವ ದಿನ ಬಂದರೆ: ಒಂದು ಮೂಲೆಯನ್ನು ಜೂಮ್ ಮಾಡುವ ಮೊದಲು ಇಡೀ ಜಾಗವನ್ನು ಒಮ್ಮೆ ಅಗಲವಾಗಿ ತೋರಿಸಿ. ದಿನ, ಹೊತ್ತು, ಜಾಗದ ಹೆಸರನ್ನು ಬಾಯಲ್ಲಿ ಹೇಳಿ. ಗಲಾಟೆ ಮುಗಿದ ಮೇಲೂ ಸ್ವಲ್ಪ ಹೊತ್ತು ನಿಲ್ಲಿಸಬೇಡಿ. ಮೂಲ ಫೈಲನ್ನು, ಚೆನ್ನಾಗಿ ಬಂದಿಲ್ಲ ಎನಿಸಿದರೂ, ನಿಮ್ಮ ಕಡೆಯವರ ತಪ್ಪೇ ಅದರಲ್ಲಿ ಕಂಡರೂ, ಅಳಿಸಬೇಡಿ. ಆರ್ಗ್ರೀವ್‌ನ ಕಾರ್ಮಿಕರನ್ನು ನ್ಯಾಯಾಲಯದಲ್ಲಿ ಉಳಿಸಿದ್ದರಲ್ಲಿ ಹೀಗೆ ಅಳಿಯದೆ ಉಳಿದ ವಿಡಿಯೊದ ಪಾಲು ದೊಡ್ಡದು. ಅಂದು ನಡೆದದ್ದೇನು ಎಂದು ತಿಳಿಯಲು ಶಾಸನಬದ್ಧ ವಿಚಾರಣೆ ನಡೆಸುವುದಾಗಿ ಬ್ರಿಟಿಷ್ ಸರ್ಕಾರ ಘೋಷಿಸಿದ್ದು 2025ರ ಜುಲೈನಲ್ಲಿ, 41 ವರ್ಷಗಳ ನಂತರ. ಅಷ್ಟರಲ್ಲಿ ಆ ಕಾರ್ಮಿಕರಲ್ಲಿ ಹಲವರು ತೀರಿಕೊಂಡಿದ್ದರು.